ಓಟದ ಮೇಲೆ ಎರಡು ದೋಸೆ

“ಓಡುವುದು ನೀವು, ವ್ಯಾಪಾರ ನಮ್ಮ ಶೆಟ್ರಿಗೆ. ಹೊಟ್ಟೆ ಹೇಗೆ ಕರಗ್ತದೆ ಮಾರಾಯ್ರೆ?”

ಮುಂಬಯಿ ಪಕ್ಕದ ಠಾಣೆ ಊರಿನ ಕೋಪರಿ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ನನ್ನ ಎರಡನೆಯ ಮಸಾಲೆ ದೋಸೆಯನ್ನು ಮೇಜಿನ ಮೇಲಿಡುತ್ತ ಅಡುಗೆಯ ಸಂಜೀವಣ್ಣ ಹೀಗೆಂದಾಗ ಪಕ್ಕದವರೂ ನಕ್ಕರು. ನನಗೆ ನಗು ಬರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಮೂರು ತಿಂಗಳಲ್ಲಿ ಹೊಟ್ಟೆ ಇಳಿಸದಿದ್ದರೆ ನನ್ನ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಕಾರ್ಖಾನೆಯ ಡಾಕ್ಟರು ಹೇಳಿದ್ದರು. ಒಂದು ತಿಂಗಳು ಬೆಳಿಗ್ಗೆ ತಪ್ಪದೆ ಓಡಿದ್ದೆ. ಓಡಿದ ಮೇಲೆ ತಪ್ಪದೆ ಇಲ್ಲಿಗೆ ಬಂದಿದ್ದೆ.

“ಏನ್ ಮಾಡ್ಲಿ ಅಣ್ಣಾ, ಓಡಿ ಬಂದ್ರ ಹಸಿವು ತಡಿಯಾಕ ಆಗಂಗಿಲ್ರಿ,” ಎಂದೆ.

ಐವತ್ತು ದಾಟಿದ್ದರೂ ಸಂಜೀವಣ್ಣನ ಹೊಟ್ಟೆ ಹಲಗೆಯಂತಿತ್ತು. ಸಾಮಾನಿನ ಕೋಣೆಗೆ ಕರೆದೊಯ್ದು ಅಕ್ಕಿ ಮೂಟೆ ತೋರಿಸಿದರು. “ಎತ್ತಿ ನೋಡುವ. ಸೊಂಟ ಬಗ್ಗಿಸಿ ಅಲ್ಲ, ಮೊಣಕಾಲು ಮಡಚಿ.” ಮೂಟೆ ಅಲುಗಲಿಲ್ಲ. ಮರುದಿನ ಕಾಲುಭಾಗ ತುಂಬಿದ ಮೂಟೆಯಿಂದ ಶುರು ಮಾಡಿದೆ. ವಾರಕ್ಕೆ ಮೂರು ದಿನ ಭಾರ, ಮೂರು ದಿನ ಓಟ, ದೋಸೆ ಒಂದೇ.

ಎರಡು ತಿಂಗಳ ಬಳಿಕ ಡಾಕ್ಟರ ಕೋಣೆಯ ತೂಕದ ಯಂತ್ರದ ಮುಳ್ಳು ಇಳಿದದ್ದು ಒಂದೇ ಕಿಲೋ. ಕೆಲಸ ಕಾಯಂ ಆಗುವುದಿಲ್ಲ ಎಂದುಕೊಂಡೆ. ಡಾಕ್ಟರು ಸೊಂಟಕ್ಕೆ ಟೇಪು ಸುತ್ತಿ, ಹಳೆಯ ಅಳತೆ ನೋಡಿ, ನಂಬದೆ ಮತ್ತೊಮ್ಮೆ ಸುತ್ತಿದರು. ಕೊಬ್ಬು ಹೋದ ಕಡೆ ಮಾಂಸಖಂಡ ಬಂದಿದೆ ಎನ್ನುತ್ತ ಸಹಿ ಹಾಕಿದರು.

ಈಗಲೂ ಓಡುತ್ತೇನೆ, ಭಾರವನ್ನೂ ಎತ್ತುತ್ತೇನೆ. ತೂಕ ಎಷ್ಟು ಇಳಿಯಿತು ಎಂದು ಯಾರಾದರೂ ಕೇಳಿದರೆ ಸೊಂಟದ ಅಳತೆ ಹೇಳುತ್ತೇನೆ.