ಒಂದೇ ಲೋಟದ ಯಂತ್ರ

ನಾನು ಡಿಗ್ರಿ ಮುಗಿಸುವುದು ಆಗುವ ಮಾತಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಜಗಳವಾಡಿ ಹೇಳಿದ್ದಲ್ಲ. ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತನ್ನ ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರದೋ ಲಂಗದ ಅಂಚು ಮಡಿಸುತ್ತ, ತಲೆ ಎತ್ತದೆ ಹೇಳಿದಳು.

"ಬುಟ್ಬುಡ್ಲಾ ಮಗ. ನಿನ್ ಕೈಲಿ ಆಗಾಕಿಲ್ಲ. ನಮ್ ವಂಸದಲ್ಲಿ ಯಾರ್ಗೂ ಆಗ್ದೇ ಇರೋದು ನಿಂಗೆಂಗ್ ಆದದು? ಸುಮ್ನೆ ಒಂದ್ ಕೆಲ್ಸ ನೋಡ್ಕೊ."

ಅದು ತೊಂಬತ್ತರ ದಶಕದ ಮಾತು. ನಮ್ಮೂರು ದೇವನೂರಿನ ಹತ್ತಿರ. ಮನೆಯಲ್ಲಿ ಅಪ್ಪನಿಗೆ ಸಹಿ ಬರುತ್ತಿತ್ತು, ಅಷ್ಟೇ. ಅತ್ತೆಗೆ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಓದಬೇಕೆಂದು ಹಟ ಹಿಡಿದ ನನ್ನನ್ನು ಅವಳೇ ಕರೆದುಕೊಂಡು ಹೋಗಿ ತನ್ನ ಒಂದೂವರೆ ಕೋಣೆಯಲ್ಲಿ ಇಟ್ಟುಕೊಂಡಳು. ಬೆಳಗ್ಗೆ ಒಂದು ಪಾತ್ರೆ ಬೆಲ್ಲದ ಕಾಫಿ ಕಾಯಿಸುತ್ತಿದ್ದಳು. ಬಟ್ಟೆ ಕೊಡಲು ಬಂದವರಿಗೆ, ಅಳತೆ ಕೊಡಲು ಬಂದವರಿಗೆ, ಸುಮ್ಮನೆ ಮಾತಿಗೆ ಬಂದವರಿಗೆ ಎಲ್ಲರಿಗೂ ಅದರಲ್ಲೇ. ಜನ ಹೆಚ್ಚಾದರೆ ನೀರು ಹೆಚ್ಚು. ಎಲ್ಲರಿಗೂ ಬಗ್ಗಿಸಿ ಆದ ಮೇಲೆ ತಳದಲ್ಲಿ ಚರಟದ ಜೊತೆ ಉಳಿದದ್ದು ಅವಳ ಪಾಲು. ಅವಳು ತುಂಬಿದ ಲೋಟ ಹಿಡಿದು ಕೂತದ್ದನ್ನು ಅಷ್ಟು ವರ್ಷಗಳಲ್ಲಿ ನಾನು ನೋಡಲಿಲ್ಲ.

ಬಿ.ಎಸ್ಸಿ.ಯಲ್ಲಿ ಎಲ್ಲ ವಿಷಯವೂ ಪಾಸಾಯಿತು, ಕೆಮಿಸ್ಟ್ರಿಯ ಒಂದು ಪತ್ರಿಕೆ ಬಿಟ್ಟು. ಒಂದು ಸಲ ಹೋಯಿತು, ಎರಡನೇ ಸಲ ಹೋಯಿತು. ಮೂರನೇ ಸಲ ಫಲಿತಾಂಶ ನೋಡಲು ಅತ್ತೆಯೂ ಇಸ್ತ್ರಿ ಮಾಡಿದ ಸೀರೆಯುಟ್ಟು ಕಾಲೇಜಿಗೆ ಬಂದಳು. ಬೋರ್ಡಿನ ಮೇಲೆ ನನ್ನ ನಂಬರು ಇರಲಿಲ್ಲ. ಅವಳು ಪಕ್ಕದಲ್ಲಿದ್ದ ಜವಾನನಿಗೆ, "ಸರ್ಯಾಗ್ ನೋಡಿ ಸಾ, ಕೆಳಗಡೆ ಎಲ್ಲಾರ ಇದ್ದಾದು" ಎಂದಳು. ಆತ ಬಗ್ಗಿ ನೋಡಿದ. ಕೆಳಗಡೆಯೂ ಇರಲಿಲ್ಲ. ಲಂಗದ ಅಂಚು ಮಡಿಸುತ್ತ ಆ ಮಾತು ಹೇಳಿದ್ದು ಮಾರನೆಯ ದಿನ.

ನಾನು ಕೆಲಸ ನೋಡಿಕೊಂಡೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಲ್ಯಾಬಿನಲ್ಲಿ ಹೆಲ್ಪರ್. ಬಾಯ್ಲರಿಗೆ ಹೋಗುವ ನೀರಿನ ಗಡಸುತನ ದಿನವೂ ಪರೀಕ್ಷೆ ಮಾಡಬೇಕು. ನೀರಿಗೆ ಬಣ್ಣ ಬೆರೆಸಿ, ಮೇಲಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟರೆ ಒಂದು ಹನಿಗೆ ಕೆಂಪು ಹೋಗಿ ನೀಲಿ ಬರುತ್ತದೆ. ಆ ಹನಿಯಲ್ಲಿ ಕೈ ನಿಲ್ಲಿಸಬೇಕು. ನನ್ನ ಕೈ ನಿಲ್ಲುತ್ತಿತ್ತು. ಆದರೆ ರಿಜಿಸ್ಟರಿನಲ್ಲಿ ಅಂಕಿ ಬರೆಯುವುದಷ್ಟೇ ನನ್ನದು, ಕೆಳಗೆ ಸಹಿ ಹಾಕುವುದು ಕೆಮಿಸ್ಟು. ನನಗಿಂತ ಚಿಕ್ಕವರು ಡಿಗ್ರಿ ಹಿಡಿದು ಬಂದು, ನಾನು ಬರೆದ ಅಂಕಿಯ ಕೆಳಗೆ, ನೀರನ್ನು ಮುಟ್ಟದೆ ಸಹಿ ಹಾಕಿ ಹೋಗುತ್ತಿದ್ದರು. ನನಗೆ ಬೇಕಿದ್ದುದು ಆ ಒಂದು ಸಹಿ. ಮದುವೆಯಾಗಿ ನಂಜನಗೂಡಿನಲ್ಲೇ ಮನೆ ಮಾಡಿದೆ, ಹೀಗೇ ಏಳೆಂಟು ವರ್ಷ ಕಳೆಯಿತು.

ಎರಡು ಸಾವಿರದ ಇಸವಿಯ ನಂತರ ಹೊಸ ಬಾಯ್ಲರ್ ಕೂರಿಸಲು ಒಬ್ಬ ವಿದೇಶಿ ಇಂಜಿನಿಯರ್ ಬಂದು ಕೆಲವು ತಿಂಗಳು ಗೆಸ್ಟ್ ಹೌಸಿನಲ್ಲಿದ್ದರು. ದಿನಾ ಬೆಳಗ್ಗೆ ಒಂದು ಬಾಟಲಿ ಬಾಯ್ಲರ್ ನೀರು ಕೇಳುತ್ತಿದ್ದರು, ಗಡಸುತನ ತೆಗೆದು ಹದ ಮಾಡಿದ್ದು. ಇಸ್ತ್ರಿ ಪೆಟ್ಟಿಗೆಗೆ ಇರಬೇಕು ಎಂದುಕೊಂಡು ಕೊಡುತ್ತಿದ್ದೆ. ಹೊರಡುವ ದಿನ ಅವರು ತಮ್ಮ ಕಾಫಿ ಯಂತ್ರವನ್ನೂ, ಒಂದು ಡಬ್ಬಿ ಕಾಫಿ ಬಿಲ್ಲೆಗಳನ್ನೂ ನನ್ನ ಕೈಗಿಟ್ಟರು. ಬಿಲ್ಲೆ ಎಂದರೆ ನಿಪ್ಪಟ್ಟಿನಷ್ಟು ಅಗಲದ, ಒಳಗೆ ಕಾಫಿಪುಡಿ ತುಂಬಿದ ಕಾಗದದ ಚೀಲ. ಒಂದು ಬಿಲ್ಲೆ ಹಾಕಿ ಗುಂಡಿ ಒತ್ತಿದರೆ ಒಂದು ಲೋಟ ಕಾಫಿ.

ಅದನ್ನು ಮನೆಯಲ್ಲಿ ಕೂರಿಸುವುದೇ ಒಂದು ಭಾನುವಾರದ ಕೆಲಸವಾಯಿತು. ಪ್ಲಗ್ಗಿನ ಕಡ್ಡಿಗಳು ದಪ್ಪ, ದುಂಡಗೆ, ನಮ್ಮ ಸಾಕೆಟ್ಟಿಗೆ ಸೇರಲಿಲ್ಲ. ಎಲೆಕ್ಟ್ರಿಷಿಯನ್ ಅದನ್ನು ಕತ್ತರಿಸಿ ಮೂರು ಕಡ್ಡಿಯದು ಹಾಕಿದ. ಗುಂಡಿ ಒತ್ತಿದಾಗ ಅಡುಗೆಮನೆಯ ಬಲ್ಬು ಮಂಕಾಯಿತು. ಪುಸ್ತಕದಲ್ಲಿ ನಾಲ್ಕು ಭಾಷೆ ಇತ್ತು, ನಮ್ಮದು ಇರಲಿಲ್ಲ, ಪುಣ್ಯಕ್ಕೆ ಚಿತ್ರಗಳಿದ್ದವು. ಮೊದಲು ಬಿಲ್ಲೆಯಿಲ್ಲದೆ ಬರೀ ನೀರು ಓಡಿಸಬೇಕೆಂದಿತ್ತು, ಓಡಿಸಿದೆ. ಕಡಪ ಕಲ್ಲು ಒಂದು ಕಡೆ ವಾಲಿದ್ದರಿಂದ ಯಂತ್ರ ಅಲ್ಲಾಡುತ್ತಿತ್ತು. ಜೇಬಿನಲ್ಲಿದ್ದ ಒಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರ ಕಾಲಿನ ಅಡಿಗೆ ತುರುಕಿದೆ.

ಆ ಕಾಗದ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಸಿಲಬಸ್ಸಿನಲ್ಲಿ ಉಳಿದುಹೋದವರಿಗೆ ಮುಂದಿನ ವರ್ಷ ಪರೀಕ್ಷೆಗೆ ಕೊನೆಯ ಅವಕಾಶ ಎಂಬ ವಿಶ್ವವಿದ್ಯಾನಿಲಯದ ಪ್ರಕಟಣೆ. ನಮ್ಮ ಕೆಮಿಸ್ಟೇ ನನಗೆಂದು ತಂದುಕೊಟ್ಟಿದ್ದರು. "ಕಟ್ಟಿಬಿಡಿ, ಆಮೇಲೆ ಬಾಗಿಲು ಮುಚ್ಚುತ್ತೆ" ಎಂದಿದ್ದರು. ನಾನು ಆ ಬಾಗಿಲನ್ನು ಕಾಫಿ ಯಂತ್ರದ ಅಡಿ ಇಟ್ಟೆ. ಯಂತ್ರ ಅಲ್ಲಾಡುವುದು ನಿಂತಿತು.

ಅತ್ತೆ ಆ ವಾರ ನರಸೀಪುರದಿಂದ ಬಂದಳು. ಸೊಂಟಕ್ಕೆ ಕೈಯಿಟ್ಟು ಯಂತ್ರದ ಸುತ್ತ ಕಣ್ಣಾಡಿಸಿದಳು.

"ಒಂದ್ ಸಲಕ್ಕೆ ಎಷ್ಟ್ ಲೋಟ ಬತ್ತದೆ?"

"ಒಂದು."

"ಇನ್ನೊಬ್ರು ಬಂದ್ರೆ?"

"ಇನ್ನೊಂದು ಬಿಲ್ಲೆ ಹಾಕೋದು."

"ನಾಕ್ ಜನ ಬಂದ್ರೆ ನಾಕ್ನೇವ್ನು ಲೋಟ ಇಡಿಯೋವತ್ಗೆ ಮೊದಲ್ನೇವ್ನು ಎದ್ದು ಊರ್ ಸೇರ್ಕೊಂಡಿರ್ತಾನೆ. ಒಬ್ರಿಗೇ ಕಾಪಿ ಕಾಸೋ ಮಿಸಿನ್ನು! ನಂಗ್ ಬ್ಯಾಡ ಕಣಪ್ಪ."

ಕುಡಿಯಲಿಲ್ಲ. ನನ್ನ ಹೆಂಡತಿ ಒಲೆಯ ಮೇಲೆ ಬೇರೆ ಮಾಡಿಕೊಟ್ಟಳು. ಆದರೆ ಸಂಜೆ ನೋಡಿದರೆ ಅತ್ತೆ ಬಳಸಿ ಬಿಸಾಡಿದ ಬಿಲ್ಲೆಯೊಂದನ್ನು ಕತ್ತರಿಯಿಂದ ಬಿಚ್ಚಿ, ಹೊಲಿಗೆ ಹುಡುಕುತ್ತ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಒಲ್ದೇ ಇಲ್ಲ, ಅಂಟಿಸ್ಬುಟ್ಟವ್ರೆ" ಎಂದಳು, ಮೋಸ ಕಂಡುಹಿಡಿದವಳ ಹಾಗೆ.

ಡಬ್ಬಿ ಖಾಲಿಯಾಗುವ ಹೊತ್ತಿಗೆ ಅವಳೇ ಒಂದು ಡಜನ್ ಬಟ್ಟೆಯ ಬಿಲ್ಲೆ ಹೊಲಿದು ತಂದಳು. ಮೊದಲನೆಯವು ಹೊಸ ತೆಳು ಮಲ್ ಬಟ್ಟೆಯವು, ಕಾಫಿಯಲ್ಲಿ ಗಂಜಿ ವಾಸನೆ ಬಂತು. ಆಮೇಲೆ ತೀರಿಹೋದ ತನ್ನ ಗಂಡನ ಹಳೆಯ ಪಂಚೆ ಕತ್ತರಿಸಿದಳು, ಅದು ಸರಿಹೋಯಿತು. ಪುಡಿ ಫಿಲ್ಟರಿನದಕ್ಕಿಂತ ಸ್ವಲ್ಪ ತರಿಯಾಗಿರಬೇಕು, ಒತ್ತಿ ತುಂಬಬಾರದು. ಕುಡಿದ ಮೇಲೆ ಚರಟ ಕೊಡವಿ, ಸೋಪು ಹಾಕದೆ ಒಗೆದು ಒಣಗಿಸಬೇಕು. ತಂತಿಯ ಮೇಲೆ ಸಾಲಾಗಿ ನೇತಾಡುವ ದುಂಡನೆಯ ಚೀಲಗಳನ್ನು ನೋಡಿ ಪಕ್ಕದ ಮನೆಯಾಕೆ, "ಏನ್ರೀ, ಬೊಂಬೆಗೆ ಬಟ್ಟೆ ಒಗೆದು ಹಾಕಿದ್ದೀರಾ?" ಎಂದರು.

ಸುಮಾರು ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಯಂತ್ರ ನರಳತೊಡಗಿತು. ಲೋಟ ಅರ್ಧಕ್ಕೇ ನಿಲ್ಲುತ್ತಿತ್ತು, ಕಾಫಿ ಉಗುರುಬೆಚ್ಚಗೆ ಬರುತ್ತಿತ್ತು. ಬಿಲ್ಲೆ ಬದಲಾಯಿಸಿ ನೋಡಿದೆ, ಪುಡಿ ಬದಲಾಯಿಸಿ ನೋಡಿದೆ. ಏನೂ ತಿಳಿಯಲಿಲ್ಲ.

ಒಂದು ದಿನ ಕಾರ್ಖಾನೆಯಿಂದ ಬಂದರೆ ಯಂತ್ರ ಪೂರ್ತಿ ನಿಂತಿತ್ತು. ನೀರಿನ ತೊಟ್ಟಿಯಲ್ಲಿ ಕಂದು ಬಣ್ಣದ ಗೊಜ್ಜು. ಅತ್ತೆ ಬಂದಿದ್ದಳು. ಅವಳು ಅದಕ್ಕೆ ಹುಣಸೆಹಣ್ಣು ಕಿವುಚಿದ ನೀರು ಹೊಯ್ದು ಗುಂಡಿ ಒತ್ತಿದ್ದಳು.

"ಯಾರ್ ಹೇಳಿದ್ದು ನಿಂಗೆ? ಗೊತ್ತಿಲ್ದೆ ಇರೋದಕ್ಕೆ ಯಾಕೆ ಕೈ ಹಾಕ್ತೀಯಾ?" ಎಂದು ಕೂಗಿದೆ. ಅವಳ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

ಅವಳು ಹೆದರಲಿಲ್ಲ. "ನಿಮ್ ಬಚ್ಚಲ್ ಅಂಡೆ ತಳ ನೋಡಿದ್ದೀಯೇನ್ಲಾ? ಬೆಳ್ಳಗೆ ಚಕ್ಕೆ ಕಟ್ಟದೆ. ಇದ್ಕೂ ಅದೇ ಬೋರ್ ನೀರು ತಾನೇ ಉಯ್ಯೋದು? ಅಂಡೇಗೆ ಉಣ್ಸೆಅಣ್ಣು ಆಕಿ ಉಜ್ಜುದ್ರೆ ಬುಡ್ತದೆ. ಇದ್ಕ್ಯಾಕ್ ಬುಡಾಕಿಲ್ಲ?"

ಸಿಟ್ಟಿನಲ್ಲೇ ಯಂತ್ರವನ್ನು ಎತ್ತಿ ನೆಲದ ಮೇಲಿಟ್ಟು ತಿರುಪು ಬಿಚ್ಚಿದೆ. ಒಳಗೆ ನೀರು ಕಾಯುವ ಪುಟ್ಟ ಪಾತ್ರೆ ಇತ್ತು. ಅದರ ಗೋಡೆಯ ಮೇಲೆ ಸುಣ್ಣದಂಥ ಬಿಳಿ ಪದರ. ಹುಣಸೆ ನೀರು ತಾಗಿದ ಕಡೆ ಮಾತ್ರ ಪದರ ಕರಗಿ ಲೋಹ ಹೊಳೆಯುತ್ತಿತ್ತು. ಕೊಳವೆಯ ಬಾಯಿಗೆ ಹುಣಸೆಯ ನಾರು ಸಿಕ್ಕಿಕೊಂಡಿತ್ತು. ಅವಳ ಔಷಧ ಸರಿಯಾಗಿತ್ತು, ಸೋಸಿರಲಿಲ್ಲ ಅಷ್ಟೇ.

ಇದೂ ಒಂದು ಬಾಯ್ಲರೇ. ಇಷ್ಟು ವರ್ಷ ದಿನಾ ಬಾಯ್ಲರಿನ ನೀರು ನೋಡಿದವನು, ಆ ಇಂಜಿನಿಯರಿಗೆ ಬಾಟಲಿ ತುಂಬಿಕೊಟ್ಟವನು, ಮನೆಯ ಬಾಯ್ಲರಿಗೆ ಕಣ್ಣು ಮುಚ್ಚಿಕೊಂಡು ಬೋರ್ ನೀರು ತುಂಬಿದ್ದೆ. ಕಲಿತದ್ದನ್ನು ದಿನಾ ಸಂಜೆ ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರುತ್ತಿದ್ದೆ. ಪರೀಕ್ಷೆಯಲ್ಲೂ ಅದೇ ಆಗಿತ್ತೇನೋ. ಪುಸ್ತಕದ ನೀರು ಬೇರೆ, ಕೊಡದ ನೀರು ಬೇರೆ ಎಂದು ತಿಳಿದಿದ್ದೆ.

"ಅದ್ಯಾಕ್ಲಾ ಕಾಸುದ್ರೇ ಬೆಳ್ಳಗಾಯ್ತದೆ? ತಣ್ಣೀರ್ ಬಿಂದ್ಗೇಲಿ ಆಗಾಕಿಲ್ವಲ್ಲ?" ಎಂದು ಅತ್ತೆ ಪಕ್ಕದಲ್ಲಿ ಕೂತಳು.

ಹೇಳಿದೆ. ನೀರಿನಲ್ಲಿ ಕಾಣದಂತೆ ಕರಗಿರುವ ಸುಣ್ಣ ಬಿಸಿಯಾದಾಗ ಹೇಗೆ ಬೇರೆಯಾಗಿ ಕೂರುತ್ತದೆ ಎಂದು. ಹುಳಿ ತಾಗಿದರೆ ಯಾಕೆ ಗುಳ್ಳೆ ಬರುತ್ತದೆ ಎಂದು. ಅವಳು ಬಿಡಲಿಲ್ಲ. ಹೊಳೆ ನೀರಿಗೆ ಯಾಕೆ ಚಕ್ಕೆ ಅಷ್ಟು ಕಟ್ಟಲ್ಲ? ಬೋರ್ ನೀರಲ್ಲಿ ಸೋಪು ಯಾಕೆ ನೊರೆ ಬರಲ್ಲ? ನಿಂಬೆಹಣ್ಣಾದ್ರೆ ಆಗ್ತದಾ? ಒಂದೊಂದಕ್ಕೂ ಉತ್ತರ ಬಂತು. ಹೇಳುತ್ತ ಹೇಳುತ್ತ ನಾರು ತೆಗೆದೆ. ಹೆಂಡತಿ ಅಂಗಡಿಯಿಂದ ನಿಂಬೆ ಉಪ್ಪು, ಅಂದರೆ ನಿಂಬೆಯ ಹುಳಿಯ ಪುಡಿ, ತಂದಳು. ಅದನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿ ಓಡಿಸಿದೆ, ಆಮೇಲೆ ಎರಡು ಸಲ ಬರೀ ನೀರು. ಬಿಳಿ ಚಕ್ಕೆಗಳು ಲೋಟಕ್ಕೆ ಬಂದು ಬಿದ್ದವು.

ಅತ್ತೆ ಆ ಲೋಟವನ್ನೇ ನೋಡುತ್ತ ಕೇಳಿದಳು: "ಇಷ್ಟೆಲ್ಲ ಗೊತ್ತಿರೋನು ಅದೆಂಗ್ಲಾ ಪೇಲಾದೆ?"

"ನೀನೇ ಹೇಳಿದ್ಯಲ್ಲ, ಆಗಾಕಿಲ್ಲ ಅಂತ" ಎಂದೆ.

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಅವತ್ತು ಆ ಬೋರ್ಡ್ ಮುಂದೆ ನಿನ್ ಮಕ ನೋಡಾಕ್ ಆಗ್ಲಿಲ್ಲ ಕಣ್ಲಾ. ಇನ್ನೊಂದ್ ದಪ ನೋಡೋ ಸಕ್ತಿ ನಂಗಿರ್ನಿಲ್ಲ. ಅದ್ಕೇ ಅಂದೆ. ನೀನ್ ಅದನ್ನ ಇಡ್ಕೊಂಡ್ ಕೂತ್ಗತೀಯ ಅಂತ ನಂಗೇನ್ ಗೊತ್ತು?"

ಯಂತ್ರವನ್ನು ಮತ್ತೆ ಕಲ್ಲಿನ ಮೇಲಿಡಲು ಹೋದಾಗ ಆ ಮಡಿಸಿದ ಕಾಗದ ಅಲ್ಲೇ ಅಂಟಿಕೊಂಡಿತ್ತು, ಕಾಫಿ ಇಳಿದು ಅರ್ಧ ಕಂದಾಗಿ. ಬಿಡಿಸಿ ನೋಡಿದೆ. ಅರ್ಜಿ ಹಾಕಲು ಇನ್ನು ನಾಲ್ಕು ದಿನವಿತ್ತು. "ಏನ್ಲಾ ಅದು?" ಎಂದಳು. ಓದಿ ಹೇಳಿದೆ. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದು, ಮಂಡಿಯ ಮೇಲಿಟ್ಟು, ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಅಂಗೈಯಲ್ಲಿ ಎಳೆದೆಳೆದು ನೇರ ಮಾಡಿ ವಾಪಸು ಕೊಟ್ಟಳು. ಯಂತ್ರದ ಕಾಲಿಗೆ ಪಂಚೆಯ ಚೂರೊಂದನ್ನು ಮಡಿಸಿ ಇಟ್ಟಳು.

ಪರೀಕ್ಷೆ ಬರೆದೆ. ನೀರಿನ ಗಡಸುತನದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಬಂದದ್ದೆಲ್ಲ ನಾನು ಹೆದರುತ್ತಿದ್ದ ಪಾಠಗಳೇ. ಆದರೂ ಪ್ರತಿ ಪ್ರಶ್ನೆಯನ್ನೂ ಅತ್ತೆ ನೆಲದ ಮೇಲೆ ಕೂತು ಕೇಳುತ್ತಿದ್ದಾಳೆ ಎಂದುಕೊಂಡು ಬರೆದೆ. ಪಾಸಾದೆ. ಹೆಚ್ಚೇನೂ ಅಲ್ಲ, ಪಾಸು. ಆ ಅಂಕಗಳನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ.

ಆ ಮಧ್ಯೆ ಯಂತ್ರಕ್ಕೆ ಬೋರ್ ನೀರು ನಿಂತಿತು. ಅತ್ತೆ ಬರುವಾಗಲೆಲ್ಲ ನರಸೀಪುರದಿಂದ ಹೊಳೆಯ ನೀರನ್ನು ಒಂದು ಕ್ಯಾನಿನಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದಳು. ನಂಜನಗೂಡಿನಲ್ಲೂ ಹೊಳೆ ಇದೆಯಲ್ಲ ಎಂದರೆ, "ನಮ್ಮೂರ್ ನೀರು ಬತ್ತದೆ, ನಿಂಗೇನ್ ಒಜ್ಜೆ?" ಎನ್ನುತ್ತಿದ್ದಳು. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದೆವು. ತಿಂಗಳಿಗೊಮ್ಮೆ ನಿಂಬೆ ಉಪ್ಪು. ಆದರೆ ಅದರ ಕಾಫಿಯನ್ನು ಅವಳು ಆಗಲೂ ಮುಟ್ಟಲಿಲ್ಲ.

ಪದವಿ ಪ್ರಮಾಣಪತ್ರವನ್ನು ಮೈಸೂರಿನ ಕೌಂಟರಿನಲ್ಲಿ ಸಹಿ ಮಾಡಿ ಪಡೆದು, ನೇರ ಮನೆಗೆ ಬಂದೆ. ಅತ್ತೆ ಬೆಳಗ್ಗೆಯೇ ಬಂದು ಅಡುಗೆಮನೆಯಲ್ಲಿ ಬಿಲ್ಲೆಗಳಿಗೆ ಪುಡಿ ತುಂಬುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದೆ. ಅವಳು ಎದ್ದು ಕೈ ತೊಳೆದು, ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡು ಇಸಿದುಕೊಂಡಳು. ಅಕ್ಷರ ಅವಳಿಗೆ ಬಾರದು. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು, ಉದ್ದಕ್ಕೆ ಒಂದು ಗೇಣು ಇಟ್ಟಳು, ಅಡ್ಡಕ್ಕೆ ಒಂದು ಗೇಣು ಇಟ್ಟಳು. ಆಮೇಲೆ ಅದನ್ನು ಮಡಿಲಿನಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು.

ನನ್ನ ಹೆಂಡತಿ ಎಲ್ಲರಿಗೂ ಕಾಫಿಗೆಂದು ಒಲೆಯ ಮೇಲೆ ಪಾತ್ರೆ ಇಡಲು ಹೋದಳು. ಅತ್ತೆ ಕೈ ಅಡ್ಡ ಮಾಡಿ ತಡೆದು, ಯಂತ್ರದ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅದ್ರಲ್ಲಿ ಮಾಡ್ಲಾ ಮಗ. ಇವತ್ತು ಮೊದಲ್ನೇ ಲೋಟ ನಂದು. ತುಂಬ ಇರ್ಲಿ, ಯಾರ್ಗೂ ಕೊಡಾಕಿಲ್ಲ."