ಸುಬೇದಾರ ಮಾಮಾ ಎತ್ತಿದ ಭಂಡಾರ

ನಾನು ಹುಟ್ಟಾ ಸಂಶಯದವನು. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಬಿದ್ದಿದೆ ಎಂದೇ ತಿಳಿಯುತ್ತೇನೆ. ಹೀಗಿರುವಾಗ ನನ್ನ ಸೋದರಮಾವ ಒಂದು ಮಧ್ಯಾಹ್ನ ಇಚಲಕರಂಜಿಯ ನಮ್ಮ ಮನೆಗೆ ಬಂದು, ಲೋಕಸಭೆಗೆ ನಿಲ್ಲುತ್ತೇನೆ, ಅದೂ ನಿಮ್ಮ ಕ್ಷೇತ್ರದಿಂದ, ಅಂದ. ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತನಾದ ಮೇಲೆ ಗಡಹಿಂಗ್ಲಜದಲ್ಲಿ ತನ್ನ ಪಾಡಿಗೆ ಶೇಂಗಾ ಬೆಳೆದುಕೊಂಡಿದ್ದ ಮನುಷ್ಯ. ನನ್ನ ಕಿವಿ ನೆಟ್ಟಗಾದವು.

"ಗಡಹಿಂಗ್ಲಜ ಬಿಟ್ಟು ಇಲ್ಲ್ಯಾಕ ಮಾಮಾ? ಅದು ಬ್ಯಾರೇ ಕ್ಷೇತ್ರ," ಎಂದೆ.

"ಇಲ್ಲಿ ನಮ್ಮ ಕನ್ನಡ ಮಂದಿ ಭಾಳ ಅದಾರ. ಮಗ್ಗದಾಗ ದುಡಿಯಾವರು, ದತ್ತವಾಡ ಕಡೆ ಕಬ್ಬಿನವರು. ಅವರ ಕಷ್ಟ ದಿಲ್ಲಿಯಾಗ ಯಾರೂ ಮಾತಾಡಂಗಿಲ್ಲ. ಶಿರೋಳದ ಒಬ್ಬ ಸಾವಕಾರ ಬೆನ್ನಿಗೆ ನಿಂತಾನ. ಜೀಪೂ ಕೊಟ್ಟಾನ."

ಬಾಗಿಲಲ್ಲಿ ಜೀಪು ನಿಂತಿತ್ತು. ಬಿಳಿ ಬಣ್ಣ, ಬಾನೆಟ್ಟಿನ ಮೇಲೆ ಹಿತ್ತಾಳೆಯ ಪುಟ್ಟ ನಂದಿ. ಯಾವ ಸಾವಕಾರ ಸುಮ್ಮಸುಮ್ಮನೆ ಜೀಪು ಕೊಡುತ್ತಾನೆ? ನಾನು ಆ ನಂದಿಯನ್ನೇ ನೋಡುತ್ತ ನಿಂತೆ.

ನಮ್ಮ ಕಡೆ ಪಕ್ಷೇತರರು ನಿಲ್ಲುವುದೇ ಕೂರುವುದಕ್ಕೆ ಎನ್ನುವ ಮಾತಿದೆ. ಅರ್ಜಿ ಹಾಕುತ್ತಾರೆ, ಯಾರೋ ಬಂದು ಕಿವಿಯಲ್ಲಿ ಊದುತ್ತಾರೆ, ಕೊನೆಯ ದಿನ ಕೊಲ್ಹಾಪುರಕ್ಕೆ ಹೋಗಿ ಅರ್ಜಿ ವಾಪಸ್ ತೆಗೆದುಕೊಳ್ಳುತ್ತಾರೆ. ಅವ್ವನಿಗೆ ಇದೇ ಹೆದರಿಕೆ. ನಮ್ಮ ನಾಲ್ಕು ಮಗ್ಗಗಳಲ್ಲಿ ದುಡಿಯುವವರ ಹೆಂಡಂದಿರಿಗೆಲ್ಲ ಅವಳು ಆಗಲೇ ಹೇಳಿಬಿಟ್ಟಿದ್ದಳು, ನನ್ನ ತಮ್ಮ ನಿಂತಾನ ಅಂತ. ತಮ್ಮ ನಡುವೆ ಕೂತುಬಿಟ್ಟರೆ ಓಣಿಯಲ್ಲಿ ಮುಖ ತೋರಿಸುವುದು ಹೇಗೆ?

ಅದಕ್ಕೆ ಬೇಲ್-ಭಂಡಾರ ತಂದಳು. ತಾಟಿನಲ್ಲಿ ಬಿಲ್ವಪತ್ರೆ, ಅದರ ಮೇಲೆ ಒಂದು ಹಿಡಿ ಅರಿಶಿನ. ಅದನ್ನು ಎತ್ತಿ ಆಡಿದ ಮಾತು ಇಲ್ಲಿ ಕೋರ್ಟಿನ ಮಾತಿಗಿಂತ ದೊಡ್ಡದು. ಎತ್ತಿದವನು ತಾನಾಗಿ ಅದನ್ನು ಮುರಿಯುವಂತಿಲ್ಲ, ಎತ್ತಿಸಿದವರೇ ಬಿಡುಗಡೆ ಕೊಡಬೇಕು.

"ನಡುವ ಕುಂದ್ರಾಂಗಿಲ್ಲ ಅಂತ ಎತ್ತು," ಅಂದಳು.

"ನನ್ನ ಮ್ಯಾಲ ನಂಬಿಗಿ ಇಲ್ಲೇನ ಅಕ್ಕಾ?"

"ನಿನ್ನ ಮ್ಯಾಲ ಐತಿ ತಮ್ಮಾ. ಎಲೆಕ್ಷನ್ ಮ್ಯಾಲ ಇಲ್ಲ."

ಮಾಮಾ ಟೋಪಿ ತೆಗೆದು, ಎದೆ ಸೆಟೆಸಿ, ಎರಡೂ ಕೈಯಲ್ಲಿ ಭಂಡಾರ ಎತ್ತಿದ. ಇಷ್ಟು ಬೇಗ ಒಪ್ಪಿಕೊಂಡನಲ್ಲ ಎಂದು ನನಗೆ ಅದೂ ಸಂಶಯವೇ.

ಅರ್ಜಿ ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಮಾಮಾ ಮತ್ತೆ ಬಂದ. ಜೀಪಿರಲಿಲ್ಲ, ನಡೆದೇ ಬಂದಿದ್ದ. ಚಹಾ ಮುಟ್ಟಲಿಲ್ಲ.

"ಅಕ್ಕಾ, ಭಂಡಾರದಿಂದ ಬಿಡುಗಡಿ ಮಾಡು. ಕೊಲ್ಹಾಪುರಕ್ಕ ಹೋಗಿ ಅರ್ಜಿ ವಾಪಸ್ ತಗೋತೇನಿ."

ಅವ್ವನ ಮುಖ ಕಪ್ಪಿಟ್ಟಿತು. ಮಾಮಾ ಒಂದೇ ಉಸಿರಿಗೆ ಹೇಳಿದ. ಹಿಂದಿನ ದಿನ ಹಾತಕಣಂಗಲೆಯ ಒಂದು ಮದುವೆಯಲ್ಲಿ ಆ ಸಾವಕಾರ ದೊಡ್ಡ ಉಮೇದುವಾರನೊಬ್ಬನ ಪಕ್ಕ ಕೂತು ಉಣ್ಣುತ್ತಿದ್ದನಂತೆ. ವಿಚಾರಿಸಿದರೆ ಇಬ್ಬರೂ ಬೀಗರು.

"ಕನ್ನಡ ಮಂದಿ ಓಟು ಆ ಬೀಗನ ಎದುರಿನಾವಗ ಹೋಗಬಾರದು ಅಂತ ನನ್ನ ನಡುವ ನಿಲ್ಲಿಸ್ಯಾರ ಅಕ್ಕಾ. ಓಟು ಒಡಿಯಾಕ ಇಟ್ಟ ಗೊಂಬಿ ನಾ. ಜೀಪು ಅವರ ಬಾಗಲಿಗೆ ಒಗದು ಬಂದೇನಿ."

ಮಾತು ಸರಿಯಾಗೇ ಇತ್ತು. ಸರಿಯಾಗಿದ್ದುದಕ್ಕೇ ನನಗೆ ನಂಬಿಕೆ ಬರಲಿಲ್ಲ. ಕೂರುವವರೆಲ್ಲ ಹೀಗೆ ಒಂದು ಒಳ್ಳೆಯ ಕಾರಣ ಹಿಡಿದುಕೊಂಡೇ ಬರುತ್ತಾರೆ. "ನಿನ್ನೆ ರಾತ್ರಿ ನಿಮ್ಮನ್ನ ಭೆಟ್ಟಿ ಆಗಾಕ ಯಾರ ಬಂದಿದ್ರು ಮಾಮಾ?" ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಅಕ್ಕನನ್ನೇ ನೋಡುತ್ತಿದ್ದ.

ಅವ್ವ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದಳು: "ನಿಲ್ಲು ಅನ್ನಾವರೂ ಇರ್ತಾರ, ಕುಂದ್ರು ಅನ್ನಾವರೂ ಇರ್ತಾರ. ನಿನ್ನ ಹಿಂದ ಈಗ ಯಾರ ಅದಾರೋ ನನಗೇನ ಗೊತ್ತು? ನನಗ ಭಂಡಾರ ಒಂದ ಗೊತ್ತು. ಬಿಡಂಗಿಲ್ಲ."

ಮಾಮಾ ಎದ್ದುನಿಂತ. ಅಧಿಕಾರಿಯ ಹುಕುಂ ಕೇಳಿಸಿಕೊಂಡವನಂತೆ ಒಂದು ಕ್ಷಣ ನೆಟ್ಟಗೆ ನಿಂತು, ಚಪ್ಪಲಿ ಮೆಟ್ಟಿ ಹೊರಟುಹೋದ. ಕೊಲ್ಹಾಪುರಕ್ಕೆ ಹೋಗಲಿಲ್ಲ.

ಅವನಿಗೆ ಕಪ್‌ಬಶಿಯ, ಅಂದರೆ ಕಪ್ಪು-ಸಾಸರಿನ, ಚಿಹ್ನೆ ಸಿಕ್ಕಿತು. ಅಲ್ಲಿಂದ ಮುಂದೆ ಅವನು ಮಾಡಿದ ಪ್ರಚಾರವನ್ನು ನಾನು ಯಾವ ಚುನಾವಣೆಯಲ್ಲೂ ಕಂಡಿಲ್ಲ. ಎಸ್‌ಟಿ ಬಸ್ಸಿನಲ್ಲಿ ಊರೂರಿಗೆ ಹೋಗಿ, ಕಬ್ಬಿನ ಗದ್ದೆಯ ಬದುವಿನಲ್ಲಿ, ಮಗ್ಗದ ಶೆಡ್ಡಿನ ಬಾಗಿಲಲ್ಲಿ ಕೈಮುಗಿದು, "ಆಣಿ ಮಾಡೇನಿ, ಅದಕ್ಕ ನನ್ನ ಹೆಸರು ಉಳದೈತಿ. ಕಪ್‌ಬಶಿಗೆ ಓಟು ಹಾಕಬ್ಯಾಡ್ರಿ," ಎನ್ನುತ್ತಿದ್ದ. ಚಹಾದಂಗಡಿಯಲ್ಲಿ ಜನ ಬಿದ್ದುಬಿದ್ದು ನಕ್ಕರು. ಇದು ಮಿಲಿಟರಿ ಪಟ್ಟು, ಹೊಸ ನಮೂನೆಯ ಪ್ರಚಾರ ಎಂದರು. ನಾನೂ ಹಾಗೇ ಅಂದುಕೊಂಡೆ. ಬೇಡ ಎಂದರೆ ಜಾಸ್ತಿ ಬೀಳುತ್ತದೆ ಎಂಬ ಲೆಕ್ಕ ಇವನಿಗೂ ಗೊತ್ತಿರಬೇಕು ಎಂದು.

ಓಟಿನ ದಿನ ಮಾಮಾ ಗಡಹಿಂಗ್ಲಜಕ್ಕೂ ಹೋಗದೆ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಈ ಕ್ಷೇತ್ರದಲ್ಲಿ ಅವನಿಗೆ ಓಟೇ ಇರಲಿಲ್ಲ. ಅವ್ವ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಬಂದಳು, ಬೆರಳಿಗೆ ಶಾಯಿ.

"ಯಾರಿಗೆ ಹಾಕಿದಿ ಅಕ್ಕಾ?"

"ಕಪ್‌ಬಶಿಗೆ. ಇವರೆಲ್ಲಾರೂ ಅದಕ್ಕ ಹಾಕ್ಯಾರ."

"ಹಾಕಬ್ಯಾಡ ಅಂತ ಊರ ತುಂಬ ಹೇಳಿದೆನಲ್ಲಾ!"

"ಅದಕ್ಕ ಹಾಕಿದೆ. ಬಂದಾವರೆಲ್ಲಾ ಓಟು ಬೇಕು ಅಂದ್ರು. ಬ್ಯಾಡ ಅಂದ ಖರೇ ಮನಷ್ಯಾ ನೀ ಒಬ್ಬನ."

ಮಾಮಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅವರಿಗೆ ಬೇಕಾಗಿದ್ದೂ ಇದ ಅಕ್ಕಾ," ಎಂದ. ಅವ್ವನಿಗೆ ಅರ್ಥವಾಗಲಿಲ್ಲ. ತಮ್ಮನಿಗೆ ಸಂತೋಷ ಹೆಚ್ಚಾಗಿದೆ ಎಂದುಕೊಂಡು ಚಹಾಕ್ಕೆ ಇಡಲು ಒಳಗೆ ಹೋದಳು.

ಎಣಿಕೆಯ ದಿನ ಸಂಜೆ ಗೆದ್ದವನ ಮೆರವಣಿಗೆ ನಮ್ಮ ಓಣಿಗೇ ಬಂತು. ಎದುರಾಳಿ ಸ್ವಲ್ಪದರಲ್ಲಿ ಸೋತಿದ್ದ, ಕಪ್‌ಬಶಿಗೆ ಆ ಸೋಲಿನ ಅಂತರಕ್ಕಿಂತ ಹೆಚ್ಚು ಓಟು ಬಿದ್ದಿದ್ದವು. ಹಲಗಿ, ಗುಲಾಲು, ಪಟಾಕಿ. ಎಲ್ಲಕ್ಕೂ ಮುಂದೆ ಒಂದು ಬಿಳಿ ಜೀಪು, ಬಾನೆಟ್ಟಿನ ಮೇಲೆ ಅದೇ ಹಿತ್ತಾಳೆಯ ನಂದಿ. ಮಾಮಾ ನಿಜ ಹೇಳಿದ್ದ ಎಂದು ನಾನು ನಂಬಿದ್ದು ಆಗ. ಪಕ್ಕದಲ್ಲಿ ನಿಂತಿದ್ದ ಅವ್ವನಿಗೂ ಆಗಲೇ ತಿಳಿಯಿತು. ಗುಲಾಲು ಹಾರಿ ಅವಳ ಸೀರೆಯ ಮೇಲೂ ಬಿತ್ತು. ಕೊಡವಿಕೊಳ್ಳಲಿಲ್ಲ.

ಒಳಗೆ ಬಂದು ಗಡಹಿಂಗ್ಲಜಕ್ಕೆ ಫೋನು ಹಚ್ಚಿಸಿಕೊಂಡಳು.

"ತಮ್ಮಾ," ಅಂದಳು. "ಭಂಡಾರದಿಂದ ಬಿಟ್ಟೇನಿ."

ಆ ಕಡೆಯಿಂದ ಮಾಮಾ, "ಆತು ಅಕ್ಕಾ," ಎಂದ.