ಕಾಣುತ್ತೆ ಅನ್ನಬಾರದು

ಅಲೆಕ್ಸಾಂಡ್ರಿಯಾದ ಕಣ್ಣಾಸ್ಪತ್ರೆಯೊಂದರಲ್ಲಿ ಮಕ್ಕಳ ಕಣ್ಣಿನ ಒಳಗಿನ ಚಿತ್ರ ತೆಗೆಯುವವಳು ನಗಾತ್. ಯಂತ್ರಕ್ಕೆ ಗಲ್ಲ ಊರಿ ಕೂತ ಎಂಥ ತುಂಟನನ್ನೂ, "ಒಳಗೊಂದು ಬೆಕ್ಕಿದೆ, ರೆಪ್ಪೆ ಬಡಿದ್ರೆ ಓಡಿಹೋಗುತ್ತೆ" ಎಂದು ಕಟ್ಟಿಹಾಕುತ್ತಿದ್ದಳು. ಚಿತ್ರದ ಅರ್ಥ ಹೇಳುವುದು ಡಾಕ್ಟರ ಕೆಲಸ, ಅವಳದಲ್ಲ. ಆದರೆ ತಾಯಂದಿರ ಮುಖ ನೋಡಿದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಕರುಳೇ ಅಂಥದ್ದು, ಏನು ಮಾಡುವುದು.

ಚಳಿಗಾಲದಲ್ಲಿ ಒಂಬತ್ತು ವರ್ಷದ ಬಸಂತ್ ಬಂದಳು. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಊದಿಕೊಂಡು ಎರಡೂ ಕಣ್ಣು ಮಂಜಾಗಿದ್ದವು. ಜೊತೆಗೆ ತಾಯಿ ಇನ್ಶಿರಾಹ್, ಬಟ್ಟೆ ಹೊಲಿಯುವವಳು. ತೆರೆಯ ಮೇಲೆ ನರದ ಪದರ ದಪ್ಪಗೆ, ಹಸಿರಾಗಿ ಮೂಡಿತು. ಅದು ಬರೀ ಊತದ ದಪ್ಪ ಎಂದು ಗೊತ್ತಿದ್ದೂ ನಗಾತ್, "ಹಸಿರೇ ಹಸಿರು ಕಣೇ ಬಸಂತ್ ಅಮ್ಮ, ಹಸಿರು ಒಳ್ಳೇದು. ಹೆದರ್ಕೋಬೇಡ" ಅಂದುಬಿಟ್ಟಳು.

ಕೈಗೆ ಸೂಜಿ ಚುಚ್ಚಿ ಔಷಧಿ ಹನಿಸಿ ಮಗುವನ್ನು ಮನೆಗೆ ಕಳಿಸಿದರು. ಬೇಸಿಗೆಯಲ್ಲಿ ಮತ್ತೆ ಬಂದಾಗ, ಗೋಡೆಯ ಪಟ್ಟಿಯಲ್ಲಿನ, ಒಂದು ಕಡೆ ತುಂಡಾದ ಉಂಗುರಗಳ ಬಾಯಿ ಯಾವ ಕಡೆಗಿದೆ ಎಂದು ಡಾಕ್ಟರು ಕೇಳಿದರೆ, ಮೊದಲ ಸಾಲಿಗೇ ಹುಡುಗಿ "ಕಾಣಲ್ಲ" ಎಂದಳು. ಹಾಗಾದರೆ ನಾಳೆಯೇ ದಾಖಲು ಮಾಡಿ ಇನ್ನೂ ಕಟುವಾದ ಔಷಧಿ ಹಾಕಬೇಕು, ಮೊದಲು ಒಂದು ಚಿತ್ರ ಬೇಕು ಎಂದು ಅವರು ನಗಾತ್‌ಳ ಬಳಿ ಕಳಿಸಿದರು.

ಈ ಸಲ ಪದರ ತೆಳ್ಳಗಾಗಿ ತೆರೆ ಕೆಂಪಾಗಿತ್ತು. ಬೆನ್ನ ಹಿಂದೆ ಇಣುಕುತ್ತಿದ್ದ ಇನ್ಶಿರಾಹ್ ನೆಲಕ್ಕೆ ಕುಸಿದಳು.

"ನನ್ನ ನಾಲಿಗೆ ಬಿದ್ದುಹೋಗ್ಲಿ. ಯಾರು ಕೇಳಿದ್ರೂ ಕಾಣಲ್ಲ ಅನ್ನು ಅಂತ ನಾನೇ ಹೇಳ್ಕೊಟ್ಟಿದ್ದು ಕಣಕ್ಕ. ಹುಷಾರಾಯ್ತು ಅಂತ ಸಾರಿದ್ರೆ ದೃಷ್ಟಿ ತಾಗಲ್ವಾ? ಕಲ್ಲೇಟಿಗಿಂತ ಕಣ್ಣೇಟು ಕೆಟ್ಟದ್ದು. ಈಗ ನೋಡು, ಆಡಿದ್ದೇ ನಿಜವಾಯ್ತು."

"ಹಾಗಾದ್ರೆ ಅವಳಿಗೆ ಕಾಣ್ತಿತ್ತಾ?"

"ನಿನ್ನೆ ಸೂಜಿಗೆ ದಾರ ಅವಳೇ ಪೋಣಿಸಿಕೊಟ್ಟಳು."

ನಗಾತ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಊತ ಇಳಿದ ಮೇಲೆ ನರ ತೆಳ್ಳಗಾಗುತ್ತೆ ಕಣೇ. ತೆಳ್ಳಗಾದ್ರೂ ಎಷ್ಟೋ ಮಕ್ಕಳಿಗೆ ದೃಷ್ಟಿ ವಾಪಸ್ ಬರುತ್ತೆ. ಕೆಂಪು ಅಂದ್ರೆ ಕುರುಡು ಅಂತಲ್ಲ."

"ಅವತ್ತು ಹಸಿರು ಒಳ್ಳೇದು ಅಂದವಳೂ ನೀನೇ ಅಲ್ವಾ?"

ಈ ಮಾತು ನಗಾತ್‌ಳಿಗೆ ನಾಟಿತು. "ಹೌದು, ನಿನ್ನ ಮುಖ ನೋಡಿ ಸುಳ್ಳು ಹೇಳ್ದೆ. ನೀನೂ ಹೆದರಿ ಹೇಳಿಸ್ದೆ. ನಾಳೆ ಸೂಜಿ ಚುಚ್ಚಿಸ್ಕೊಳ್ಳೋದು ಮಾತ್ರ ಮಗು."

ಯಂತ್ರದ ಮುಂದೆ ಕೂತಿದ್ದ ಬಸಂತ್ ತಾಯಿಯತ್ತ ತಿರುಗಿದಳು. "ಅಮ್ಮಾ, ಈಗ ಹೇಳ್ಲಾ?"

ಹೊರಗೆ ಪಡಸಾಲೆಯ ತುಂಬ ಹೆಂಗಸರು. ಇನ್ಶಿರಾಹ್ ಬಾಗಿಲಾಚೆ ಒಮ್ಮೆ ನೋಡಿದಳು, ಮಗಳನ್ನೊಮ್ಮೆ ನೋಡಿದಳು. "ಹೇಳು," ಎಂದಳು. "ಮೆಲ್ಲಗೆ."

ನಗಾತ್ ಇಬ್ಬರನ್ನೂ ಡಾಕ್ಟರ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. "ಮೇಲಕ್ಕೆ, ಎಡಕ್ಕೆ, ಕೆಳಕ್ಕೆ..." ಹುಡುಗಿ ಪಟ್ಟಿಯ ಸಾಲು ಸಾಲನ್ನೂ ಪಿಸುಗುಟ್ಟುತ್ತ ಇಳಿದಳು. ಯಾಕಮ್ಮಾ ಗುಟ್ಟಾಗಿ ಎಂದು ಡಾಕ್ಟರು ಕೇಳಬಹುದಿತ್ತು. ಕೇಳದೆ ಮೂವರ ಮುಖವನ್ನೂ ನೋಡಿದರು. ಕೊನೆಯ ಸಾಲು ಮುಗಿದ ಮೇಲೆ, ತಾವೂ ದನಿ ತಗ್ಗಿಸಿ, "ನಾಳೆ ಬರೋದು ಬೇಡ, ಮನೆಗೆ ಹೋಗಿ" ಎಂದರು.